ಹಾರಾಟದ ಗಂಟೆಗೆ ತಕ್ಕ ಹಣ

ಮಿಶ್ರಿಕೋಟಿಯ ವರ್ತಕನು ಗೋವಿನಜೋಳವನ್ನು ತೂಗಿಸಿ ನೋಡದೆ ಪೂರ್ತಿ ಹಣ ಕೊಡುವುದಿಲ್ಲ. ಅದೇ ವರ್ತಕನು ಮಗನನ್ನು ಪೈಲಟ್ ಮಾಡಲು ಹೊರಟಾಗ ಲಕ್ಷಗಟ್ಟಲೆ ಶುಲ್ಕವನ್ನು ಮುಂಗಡವಾಗಿಯೇ ಕಟ್ಟಿಬಿಡುವುದು ಸೋಜಿಗ.

ಜಕ್ಕೂರಿನ ಸರ್ಕಾರಿ ಶಾಲೆಯಿರಲಿ, ಬೆಳಗಾವಿಯ ಸಾಂಬ್ರಾ ನಿಲ್ದಾಣದ ಖಾಸಗಿ ಶಾಲೆಯಿರಲಿ, ಅಲ್ಲಿ ಕೊಳ್ಳುವ ಸರಕು ಒಂದೇ: ಹಾರಾಟದ ಗಂಟೆ. ವಾಣಿಜ್ಯ ಪೈಲಟ್ ಪರವಾನಗಿಗೆ ಅಂತಹ 200 ಗಂಟೆ ಬೇಕು. ಅದರಲ್ಲಿ 100 ಗಂಟೆ ವಿದ್ಯಾರ್ಥಿಯೇ ವಿಮಾನದ ಹೊಣೆ ಹೊತ್ತು ಹಾರಿರಬೇಕು. ಸೆಸ್ನಾದಂತಹ ಚಿಕ್ಕ ವಿಮಾನವಾದರೋ ಮಳೆ, ಮೋಡ, ಅಡ್ಡಗಾಳಿಗಳಲ್ಲಿ ನೆಲ ಬಿಡುವಂತಿಲ್ಲ. ನಸುಕಿನಲ್ಲೇ ಸಿದ್ಧನಾಗಿ ನಿಂತ ಹುಡುಗನು ಮಧ್ಯಾಹ್ನದವರೆಗೆ ಕಾದು, ಹಾರದೆಯೇ ಕೋಣೆಗೆ ಮರಳುವ ದಿನಗಳುಂಟು. ವಿಮಾನ ದುರಸ್ತಿಗೆ ನಿಂತರೆ ವಾರಗಳೇ ಕಳೆಯುತ್ತವೆ. ಅಂತರ ದೀರ್ಘವಾದಂತೆ ಕೈಯ ಹಿಡಿತ ತಪ್ಪುತ್ತದೆ. ಒಬ್ಬನೇ ಹಾರಿ ಬಂದವನೂ ಬೋಧಕರೊಡನೆ ಕುಳಿತು ವಿಮಾನ ಇಳಿಸುವುದನ್ನು ಮತ್ತೆ ರೂಢಿಸಿಕೊಳ್ಳಬೇಕಾಗುತ್ತದೆ. ಅದಕ್ಕೂ ಗಂಟೆಯ ಲೆಕ್ಕವೇ. ಸಾಲದ ಬಡ್ಡಿ ಮಾತ್ರ ಹವಾಮಾನ ನೋಡುವುದಿಲ್ಲ.

ಡಿಜಿಸಿಎ ಮಾನ್ಯತೆಯ ಶಾಲೆಗಳ ಅನುಮೋದಿತ ತರಬೇತಿಗೆ ಜಿಎಸ್‌ಟಿ ಇಲ್ಲವೆಂದು 2024ರ ಸೆಪ್ಟೆಂಬರಿನಲ್ಲಿ ಜಿಎಸ್‌ಟಿ ಮಂಡಳಿಯು ಸ್ಪಷ್ಟಪಡಿಸಿತು. ಬಿಲ್ಲಿನಲ್ಲಿ ಅದನ್ನು ಪರಿಶೀಲಿಸುವುದು ಸರಿಯೇ. ಆದರೆ ಹೆಚ್ಚಿನ ನಷ್ಟ ತಪ್ಪುವುದು ಕರಾರಿನಿಂದ. ಕಂತುಗಳು ಲಾಗ್‌ಬುಕ್ಕಿನಲ್ಲಿ ದಾಖಲಾದ ಗಂಟೆಗಳನ್ನು ಅನುಸರಿಸಬೇಕು; ನಡುವೆ ಬಿಟ್ಟರೆ ಹಾರದ ಗಂಟೆಯ ಹಣ ಮರಳಬೇಕು. ಇದಕ್ಕೆ ಒಪ್ಪದ ಶಾಲೆಗೆ ಅಂಗಡಿ ಅಡವಿಟ್ಟು ತಂದ ಹಣವನ್ನು ಕಟ್ಟತಕ್ಕದ್ದಲ್ಲ.