ಒಂದು ವರ್ಷದೊಳಗೆ ತಲುಪಬೇಕಾದ ಕಾಗದ

ಅಮೆರಿಕದಲ್ಲಿ ಇಪ್ಪತ್ತು ವರ್ಷ ಸೈನ್ಯದಲ್ಲಿ ದುಡಿದವನಿಗೆ ನಿವೃತ್ತಿ ವೇತನ ಸಿಗುತ್ತದೆ. ಹದಿನೆಂಟಕ್ಕೆ ಸೇರಿದವನು ಮೂವತ್ತೆಂಟಕ್ಕೇ ಪಿಂಚಣಿದಾರ! ಆದರೆ ಆ ಇಪ್ಪತ್ತು ವರ್ಷ ಅವನ ಹಿಂದೆ ಊರೂರು ಅಲೆದ ಹೆಂಡತಿಯ ಗತಿ? ಕೆಲವೇ ವರ್ಷಗಳಿಗೊಮ್ಮೆ ಸಾಮಾನು ಕಟ್ಟಬೇಕು. ಈ ವರ್ಷ ಟೆಕ್ಸಾಸ್, ಮುಂದಿನ ಬಾರಿ ಜರ್ಮನಿ. ಒಂದು ಕಡೆ ನೆಲೆ ನಿಂತು ನೌಕರಿ ಮಾಡುವುದು, ತನ್ನದೇ ಪಿಂಚಣಿ ಕೂಡಿಸಿಕೊಳ್ಳುವುದು ಅವಳಿಗೆ ಸುಲಭವಲ್ಲ. ವರ್ಗಾವಣೆಯ ನೌಕರಿ ಇರುವ ಮನೆಯಲ್ಲಿ ಬೆಳೆದ ಮಕ್ಕಳಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹೀಗಿರುವಾಗ ಮದುವೆಯೇ ಮುರಿದು ಬಿದ್ದರೆ?

1981ರ ಜೂನ್ ತಿಂಗಳಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ‘ಮೆಕಾರ್ಟಿ’ ಮೊಕದ್ದಮೆಯಲ್ಲಿ ಒಂದು ತೀರ್ಪು ಕೊಟ್ಟಿತು. ಸೈನಿಕನ ನಿವೃತ್ತಿ ವೇತನವನ್ನು ಗಂಡ ಹೆಂಡಿರ ಜಂಟಿ ಆಸ್ತಿಯೆಂದು ಪರಿಗಣಿಸಿ ರಾಜ್ಯದ ನ್ಯಾಯಾಲಯಗಳು ಪಾಲು ಮಾಡುವಂತಿಲ್ಲ ಎಂಬುದು ಅದರ ಸಾರ. ಮರುವರ್ಷವೇ ಅಲ್ಲಿನ ಸಂಸತ್ತಾದ ಕಾಂಗ್ರೆಸ್, ಸೈನಿಕರ ಮಾಜಿ ಪತಿ ಪತ್ನಿಯರ ರಕ್ಷಣೆಗೆಂದೇ ಒಂದು ಕಾಯಿದೆ ಮಾಡಿ, ಪಾಲು ಮಾಡುವ ಅಧಿಕಾರವನ್ನು ನ್ಯಾಯಾಲಯಗಳಿಗೆ ಕೊಟ್ಟಿತು. ಸೈನ್ಯದಲ್ಲಿ ಹೆಂಗಸರೂ ಇರುವುದರಿಂದ ಮಾಜಿ ಗಂಡನಿಗೂ ಇದೇ ನಿಯಮ. ಇಲ್ಲಿ ಬರವಣಿಗೆಯ ಅನುಕೂಲಕ್ಕೆ ‘ಹೆಂಡತಿ’ ಎಂದಿದೆ, ಅಷ್ಟೆ.

ಪಾಲು ಸಿಕ್ಕಿತಲ್ಲ, ಇನ್ನೇನು ಚಿಂತೆ ಎನ್ನಬಹುದು. ಚಿಂತೆ ಇರುವುದೇ ಅಲ್ಲಿ. ನಿವೃತ್ತಿ ವೇತನ ಎನ್ನುವುದು ಪಿಂಚಣಿದಾರ ಉಸಿರಾಡುತ್ತಿರುವವರೆಗೆ ಮಾತ್ರ. ಅವನು ತೀರಿಕೊಂಡ ದಿನ ಅವನ ಭಾಗವೂ ನಿಲ್ಲುತ್ತದೆ, ಅವಳ ಭಾಗವೂ ನಿಲ್ಲುತ್ತದೆ. ನಲ್ಲಿಗೆ ಎರಡು ಕೊಡ ಇಟ್ಟರೇನು, ನೀರು ನಿಂತ ಮೇಲೆ ಎರಡೂ ಖಾಲಿ.

ಗಂಡನ ನಂತರವೂ ಹಣ ಬರಬೇಕಾದರೆ ಬೇರೆಯದೇ ವ್ಯವಸ್ಥೆ ಬೇಕು. ಅದು 1972ರಲ್ಲಿ ಆರಂಭವಾದ ‘ಸರ್ವೈವರ್ ಬೆನಿಫಿಟ್ ಪ್ಲಾನ್’. ನಮ್ಮ ಕುಟುಂಬ ಪಿಂಚಣಿಯ ದಾಯಾದಿ ಎನ್ನಬಹುದು. ಆದರೆ ಒಂದು ವ್ಯತ್ಯಾಸವಿದೆ. ನಮ್ಮಲ್ಲಿ ಕುಟುಂಬ ಪಿಂಚಣಿಗೆಂದು ಪಿಂಚಣಿದಾರನಿಂದ ತಿಂಗಳು ತಿಂಗಳು ಕಂತು ಮುರಿದುಕೊಳ್ಳುವುದಿಲ್ಲ, ಅಲ್ಲಿ ಮುರಿದುಕೊಳ್ಳುತ್ತಾರೆ. ಸಾಮಾನ್ಯವಾಗಿ ಕಂತು ಮೂಲ ಮೊತ್ತದ ಶೇ. 6.5, ಗಂಡನ ಮರಣಾನಂತರ ಬರುವುದು ಅದೇ ಮೊತ್ತದ ಶೇ. 55.

ಒಂದು ಲೆಕ್ಕ ಮಾಡೋಣ. ವಿದ್ಯಾರ್ಥಿಗಳು ಪೆನ್ಸಿಲ್ ತೆಗೆದುಕೊಳ್ಳಲಿ. ಒಬ್ಬನ ನಿವೃತ್ತಿ ವೇತನ ತಿಂಗಳಿಗೆ 2,000 ಡಾಲರು, ಅಷ್ಟನ್ನೂ ಮೂಲ ಮೊತ್ತವಾಗಿ ಇಟ್ಟಿದ್ದಾನೆ ಎಂದುಕೊಳ್ಳಿ. ಕಂತು 130 ಡಾಲರು. ವಿಚ್ಛೇದನದಲ್ಲಿ ನ್ಯಾಯಾಲಯ ಹೆಂಡತಿಗೆ ಶೇ. 40 ಪಾಲು ಕೊಟ್ಟಿದೆ, ಕುಟುಂಬ ಪಿಂಚಣಿಯೂ ಅವಳ ಹೆಸರಿಗೇ ಇದೆ. ಆಗ ಕಂತನ್ನು ಮೊದಲು ಕಳೆದು, ಉಳಿದ 1,870ನ್ನು ಪಾಲು ಮಾಡಬೇಕು. ಅವಳಿಗೆ 748, ಅವನಿಗೆ 1,122. ಅಂದರೆ ಕಂತಿನ ಭಾರ ಇಬ್ಬರ ಮೇಲೂ ಬಿತ್ತು. ಅವನು ತೀರಿಕೊಂಡಾಗ 748 ನಿಲ್ಲುತ್ತದೆ, 2,000ದ ಶೇ. 55, ಅಂದರೆ 1,100 ಡಾಲರು ಶುರುವಾಗುತ್ತದೆ. ಬೆಲೆಯೇರಿಕೆಗೆ ತಕ್ಕಂತೆ ಅದು ಏರುತ್ತಲೂ ಹೋಗುತ್ತದೆ. ಕುಟುಂಬ ಪಿಂಚಣಿ ಇಲ್ಲದಿದ್ದರೆ? 748ರ ಜಾಗದಲ್ಲಿ ಸೊನ್ನೆ. ವಕೀಲರ ಮುಂದೆ ಕುಳಿತಾಗ ಶೇ. 40ಕ್ಕೋ 45ಕ್ಕೋ ಎಂದು ದಿನಗಟ್ಟಲೆ ಜಗ್ಗಾಡಿ, ಈ ಸೊನ್ನೆಯನ್ನು ಯಾರೂ ನೋಡದೇ ಹೋದರೆ ಅದಕ್ಕಿಂತ ದೊಡ್ಡ ನಷ್ಟವಿಲ್ಲ.

ಮದುವೆ ಇರುವವರೆಗೆ ಹೆಂಡತಿಗೆ ಕಾನೂನಿನ ಕಾವಲು ಗಟ್ಟಿಯಾಗಿಯೇ ಇದೆ. 1986ರ ಮಾರ್ಚ್‌ನಿಂದ, ನಿವೃತ್ತನಾಗುವ ಸೈನಿಕ ಈ ಯೋಜನೆ ಬೇಡವೆನ್ನಬೇಕಾದರೂ ಮೊತ್ತ ಇಳಿಸಬೇಕಾದರೂ ಹೆಂಡತಿಯ ಲಿಖಿತ ಒಪ್ಪಿಗೆ ಬೇಕು. ಆದರೆ ವಿಚ್ಛೇದನದ ತೀರ್ಪು ಬಂದ ಕ್ಷಣ ಅವಳು ‘ಹೆಂಡತಿ’ ಅಲ್ಲ. ಆ ರಕ್ಷಣೆ ಅಲ್ಲಿಗೆ ಕಡಿದುಹೋಯಿತು. ಅದನ್ನು ‘ಮಾಜಿ ಪತ್ನಿ’ ಎಂಬ ಹೆಸರಿಗೆ ಹೊಸದಾಗಿ ಬರೆಸಬೇಕು. ಹಾಗೆ ಬರೆಸುವಂತೆ ಆದೇಶಿಸುವ ಅಧಿಕಾರ ನ್ಯಾಯಾಲಯಗಳಿಗೆ ಬಂದಿದ್ದು 1986ರ ಇನ್ನೊಂದು ತಿದ್ದುಪಡಿಯಿಂದ.

ಹಲವರು ಎಡವುವುದು ಇಲ್ಲಿ. ತೀರ್ಪಿನಲ್ಲಿ ಬರೆದಿದೆ, ಆದ್ದರಿಂದ ಆಯಿತು ಎಂದು ತಿಳಿಯುತ್ತಾರೆ. ತೀರ್ಪು ಕೊಡುವುದು ರಾಜ್ಯದ ನ್ಯಾಯಾಲಯ; ಹಣ ಕೊಡುವುದು ಇಂಡಿಯಾನಾಪೊಲಿಸ್‌ನಲ್ಲಿ ಕೇಂದ್ರ ಕಚೇರಿ ಇರುವ ರಕ್ಷಣಾ ಹಣಕಾಸು ಇಲಾಖೆ. ನ್ಯಾಯಾಲಯದ ಕಡತ ತಾನಾಗಿ ಎದ್ದು ಅಲ್ಲಿಗೆ ಹೋಗುವುದಿಲ್ಲ. ನಿವೃತ್ತನಾದವನು ವಿಚ್ಛೇದನದ ದಿನದಿಂದ ಒಂದು ವರ್ಷದೊಳಗೆ ಇಲಾಖೆಗೆ ತಿಳಿಸಿ, ಮಾಜಿ ಪತ್ನಿಯ ಹೆಸರಿಗೆ ಬದಲಿಸಬೇಕು. ಅವನು ಮರೆತರೆ, ಅಥವಾ ಬೇಕೆಂದೇ ಸುಮ್ಮನಿದ್ದರೆ? ಅದಕ್ಕೂ ಕಾನೂನು ದಾರಿ ಇಟ್ಟಿದೆ. ಆದೇಶದ ದೃಢೀಕೃತ ಪ್ರತಿಯೊಂದಿಗೆ ಅವಳೇ ಅರ್ಜಿ ಕಳಿಸಬಹುದು; ಫಾರಂ ಸಂಖ್ಯೆ 2656-10. ಆಗ ಅವನೇ ಬದಲಿಸಿದ್ದಾನೆ ಎಂದು ಭಾವಿಸಿ ಇಲಾಖೆ ದಾಖಲಿಸಿಕೊಳ್ಳುತ್ತದೆ. ಅವಳ ಗಡುವೂ ಒಂದೇ ವರ್ಷ, ಆದರೆ ಎಣಿಕೆ ಶುರುವಾಗುವುದು ಕುಟುಂಬ ಪಿಂಚಣಿ ಕೊಡಬೇಕೆಂದು ಹೇಳಿದ ಮೊದಲ ಆದೇಶದ ದಿನಾಂಕದಿಂದ. ಅದೇ ಮಾತನ್ನು ಮತ್ತೆ ಬರೆಸಿಕೊಂಡು ಎರಡನೆಯ ಆದೇಶ ತಂದರೆ ಗಡಿಯಾರ ಹಿಂದಕ್ಕೆ ತಿರುಗುವುದಿಲ್ಲ.

ಅವನು ವಿಚ್ಛೇದನದ ವಿಷಯವನ್ನೇ ಇಲಾಖೆಗೆ ತಿಳಿಸದಿದ್ದರೆ ಇನ್ನೂ ಕಷ್ಟ. ಕಂತು ಎಂದಿನಂತೆ ಮುರಿಯುತ್ತಲೇ ಇರಬಹುದು. ಅದನ್ನು ಕಂಡು ಮಾಜಿ ಪತ್ನಿ ‘ನನ್ನ ಹೆಸರು ಇದೆ’ ಎಂದು ನಿಶ್ಚಿಂತೆಯಿಂದ ಇರುತ್ತಾಳೆ. ಕಂತು ಹೋಗುತ್ತಿದೆ ಎಂದ ಮಾತ್ರಕ್ಕೆ ಹಕ್ಕು ಉಳಿದಿದೆ ಎಂದು ಅರ್ಥವಲ್ಲ. ಈ ನಡುವೆ ಅವನು ಮತ್ತೆ ಮದುವೆಯಾದ ಎನ್ನಿ. ಯೋಜನೆ ‘ಹೆಂಡತಿ’ಗೆ ಎಂದೇ ದಾಖಲೆಯಲ್ಲಿ ಉಳಿದಿರುವುದರಿಂದ, ಅವನು ಬೇರೆ ಆಯ್ಕೆ ಮಾಡದಿದ್ದರೆ ಮದುವೆಗೆ ವರ್ಷ ತುಂಬುತ್ತಿದ್ದಂತೆ ಹೊಸ ಹೆಂಡತಿ ಹಕ್ಕುದಾರಳಾಗುತ್ತಾಳೆ. ಇಬ್ಬರಿಗೂ ಅರ್ಧರ್ಧ ಕೊಡೋಣ ಎಂದರೆ ನಿಯಮ ಒಪ್ಪುವುದಿಲ್ಲ. ನಿವೃತ್ತಿ ವೇತನವನ್ನು ಪಾಲು ಮಾಡಬಹುದು, ಈ ಪಿಂಚಣಿಯನ್ನು ಇಬ್ಬರು ಹೆಂಡಿರ ನಡುವೆ ಪಾಲು ಮಾಡುವಂತಿಲ್ಲ. ಇದು ಕಠೋರವೆನಿಸುತ್ತದೆ. ಎರಡನೆಯವಳದ್ದೂ ತಪ್ಪೇನಿಲ್ಲವಲ್ಲ.

ಇನ್ನೊಂದು ತಪ್ಪು ತಿಳಿವಳಿಕೆಯೂ ಬಾಯಿಂದ ಬಾಯಿಗೆ ಹಬ್ಬಿದೆ. ಹತ್ತು ವರ್ಷ ಸಂಸಾರ ಮಾಡಿರದಿದ್ದರೆ ಮಾಜಿ ಪತ್ನಿಗೆ ಏನೂ ಇಲ್ಲ ಎಂಬುದು. ಸೇವೆಯ ಹತ್ತು ವರ್ಷ, ಅದರ ಜೊತೆಗೇ ಮದುವೆಯ ಹತ್ತು ವರ್ಷ ಎಂಬ ನಿಯಮ ಇರುವುದು ನಿವೃತ್ತಿ ವೇತನದ ಪಾಲನ್ನು ಇಲಾಖೆಯೇ ನೇರವಾಗಿ ಅವಳಿಗೆ ಕಳಿಸುವುದಕ್ಕೆ ಮಾತ್ರ. ಕುಟುಂಬ ಪಿಂಚಣಿಗೆ ಅದು ಸಂಬಂಧಿಸಿದ್ದಲ್ಲ. ಮಾಜಿ ಪತ್ನಿ 55 ತುಂಬುವ ಮೊದಲು ಮರುಮದುವೆಯಾದರೆ ಮಾತ್ರ ಈ ಪಿಂಚಣಿ ನಿಲ್ಲುತ್ತದೆ. ಆ ಮದುವೆ ಸಾವಿನಿಂದಲೋ ವಿಚ್ಛೇದನದಿಂದಲೋ ಕೊನೆಯಾದರೆ ಮತ್ತೆ ಶುರುವಾಗುತ್ತದೆ. 55 ದಾಟಿದ ಮೇಲೆ ಮದುವೆಯಾದರೆ ಅಡ್ಡಿಯೇ ಇಲ್ಲ.

ಎರಡು ಗಡುವೂ ಮೀರಿದವರಿಗೆ ಉಳಿಯುವ ಮುಖ್ಯ ಬಾಗಿಲು, ಸೇನಾ ದಾಖಲೆಗಳನ್ನು ತಿದ್ದುವ ಮಂಡಳಿ. ಆದ ಅನ್ಯಾಯವನ್ನು ಸರಿಪಡಿಸುವ ಅಧಿಕಾರ ಅದಕ್ಕಿದೆ. ಅರ್ಜಿಯ ಜೊತೆ ತೀರ್ಪಿನ ಪ್ರತಿ, ಗಡುವು ಮೀರಿದ್ದಕ್ಕೆ ಕಾರಣ ಎಲ್ಲವನ್ನೂ ಕೊಡಬೇಕು. ಆ ಹೊತ್ತಿಗೆ ಎರಡನೆಯ ಹೆಂಡತಿ ಹಕ್ಕುದಾರಳಾಗಿದ್ದರೆ ಮಂಡಳಿ ಸಾಮಾನ್ಯವಾಗಿ ಅವಳ ಕೈಯಿಂದ ಕಿತ್ತು ಮೊದಲನೆಯವಳಿಗೆ ಕೊಡುವುದಿಲ್ಲ. ತನ್ನ ಹಕ್ಕು ಬಿಟ್ಟುಕೊಡುವುದಾಗಿ ಅವಳೇ ಪ್ರಮಾಣಪತ್ರ ಬರೆದು ಸಹಿ ಹಾಕಬೇಕು. ಹಾಕದಿದ್ದರೆ ಕಡತ ಅಲ್ಲಿಗೇ ನಿಲ್ಲುತ್ತದೆ.