ಯಂತ್ರಗಳ ನಿದ್ರಾವಿಚಾರ



ಸಿಂಧನೂರಿನ ಕಡೆಯ ನನ್ನ ಹಳೆಯ ಶಿಷ್ಯನೊಬ್ಬನು ಕಳೆದ ತಿಂಗಳು ಮನೆಗೆ ಬಂದಿದ್ದನು. “ಗುರುಗಳೇ, ನಮ್ಮ ಹೊಲಗಳಿರುವುದು ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆಭಾಗದಲ್ಲಿ. ನೀರು ಯಾವಾಗ ಬಂದೀತೆಂದು ರಾತ್ರಿಯೆಲ್ಲ ಕಾಯುತ್ತೇವೆ. ನೀರಿನ ಮಟ್ಟವನ್ನು ಅಳೆದು ಮೊಬೈಲಿಗೆ ತಿಳಿಸುವ ಯಂತ್ರವೊಂದನ್ನು ಮಾರುತ್ತಿದ್ದಾರೆ. ಬ್ಯಾಟರಿ ಹತ್ತು ವರ್ಷ ಬಾಳುವುದಂತೆ. ನಾಲ್ಕು ಮನೆಯವರು ಕೂಡಿ ಕೊಳ್ಳಬಹುದೇ?” ಎಂದು ಕೇಳಿದನು.

“ಅದು ಎಷ್ಟು ಹೊತ್ತು ನಿದ್ರಿಸುವುದೆಂದು ಮೊದಲು ವಿಚಾರಿಸು” ಎಂದೆನು. ಅವನು ನಕ್ಕನು. ಆದರೆ ಇದು ಹಾಸ್ಯದ ಮಾತಲ್ಲ.

ನಮ್ಮ ಮೊಬೈಲು ಸುಮ್ಮನಿದ್ದಂತೆ ತೋರಿದರೂ ಒಂದೆರಡು ಸೆಕೆಂಡಿಗೊಮ್ಮೆ ಎಚ್ಚತ್ತು, ತನಗೆ ಕರೆಯುಂಟೇ ಎಂದು ಗೋಪುರದತ್ತ ಕಿವಿಗೊಡುತ್ತದೆ. ದಿನವೂ ಚಾರ್ಜು ಕಾಣುವ ಮೊಬೈಲಿಗೆ ಈ ಜಾಗರಣೆ ಭಾರವಲ್ಲ. ಕಾಲುವೆಯ ದಂಡೆಯ ಮೇಲಿನ ಒಂಟಿ ಯಂತ್ರಕ್ಕಾದರೋ ಪ್ರಾಣಾಂತಿಕ.

ಆದಕಾರಣ ಮೊಬೈಲ್ ಜಾಲಗಳ ನಿಯಮಗಳನ್ನು ರಚಿಸುವ ತ್ರೀಜಿಪಿಪಿ ಎಂಬ ಸಂಸ್ಥೆಯು ಎರಡು ಬಗೆಯ ನಿದ್ರೆಯನ್ನು ವಿಧಿಸಿದೆ. 2015ರ ಹನ್ನೆರಡನೆಯ ಆವೃತ್ತಿಯ ಪಿಎಸ್‌ಎಂ ಎಂಬುದು ಸುಷುಪ್ತಿ. ಯಂತ್ರವು ತಾನು ಮಲಗುವ ಅವಧಿಯನ್ನು ಕೋರುತ್ತದೆ, ಜಾಲವು ಅನುಮತಿಸುತ್ತದೆ. ಹೆಸರು ಹಾಜರಿಪಟ್ಟಿಯಲ್ಲಿ ಉಳಿಯುತ್ತದೆ. ವ್ಯಯವು ಕೆಲವೇ ಮೈಕ್ರೋಆಂಪೇರುಗಳಿಗೆ ಇಳಿಯುತ್ತದೆ. ನಿಯಮದಂತೆ ಈ ಅವಧಿಯು ಸುಮಾರು 413 ದಿನಗಳವರೆಗೂ ಇರಬಹುದು. ಕುಂಭಕರ್ಣನಾದರೂ ಆರು ತಿಂಗಳಿಗೊಮ್ಮೆ ಏಳುತ್ತಿದ್ದನು! ಆದರೆ ಹೊರಗಿನವರು ಎಷ್ಟು ಕೂಗಿದರೂ ಅದಕ್ಕೆ ಕೇಳದು. 2016ರ ಹದಿಮೂರನೆಯ ಆವೃತ್ತಿಯ ಇಡಿಆರ್‌ಎಕ್ಸ್ ಎಂಬುದು ವಿದ್ಯಾರ್ಥಿಲಕ್ಷಣಗಳಲ್ಲಿ ಹೇಳುವ ಶ್ವಾನನಿದ್ರೆ. ನಿಯತಕಾಲಕ್ಕೊಮ್ಮೆ ಕಿವಿ ತೆರೆಯುತ್ತದೆ. ಎನ್‌ಬಿ-ಐಒಟಿ ಜಾಲದಲ್ಲಿ ಈ ಅಂತರವು ಹೆಚ್ಚೆಂದರೆ ಮೂರು ಗಂಟೆಗೆ ಸಮೀಪ. ಎಲ್‌ಟಿಇ-ಎಂ ಜಾಲದಲ್ಲಿ ಸುಮಾರು 44 ನಿಮಿಷ.

ಸುಷುಪ್ತಿಯಲ್ಲಿರುವ ಯಂತ್ರವನ್ನು ಹೊರಗಿನಿಂದ ಎಬ್ಬಿಸಲಾಗದಿದ್ದರೂ ಒಳಗಿನಿಂದ ಎಬ್ಬಿಸಬಹುದು. ನೀರೇರಿದೊಡನೆ ತೇಲುಬುರುಡೆಯು ತಟ್ಟಿದರೆ, ಅದು ಆ ಕ್ಷಣವೇ ಎದ್ದು ಸುದ್ದಿ ಕಳುಹಿಸಬಲ್ಲುದು. ಆದರೆ ದೂರದ ಆಜ್ಞೆಯಂತೆ ತೂಬು ಮುಚ್ಚಬೇಕಾದ ಯಂತ್ರಕ್ಕೆ ಇಂಥ ನಿದ್ರೆ ಸಲ್ಲದು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೆಯ ಗೇಟು ಕೊಚ್ಚಿಹೋದುದನ್ನು ಬಲ್ಲವರಿಗೆ, ವಿಪತ್ತು ಹೊತ್ತು ನೋಡಿ ಬರುವುದಿಲ್ಲವೆಂಬುದನ್ನು ಹೇಳಬೇಕಾಗಿಲ್ಲ.

ಶಿಷ್ಯನು ಹೋಗಿ ವಿಚಾರಿಸಿದನು. ಆ ಯಂತ್ರಕ್ಕೆ ತೇಲುಬುರುಡೆಯೇ ಇರಲಿಲ್ಲ; ಗಡಿಯಾರವನ್ನು ನಂಬಿ ದಿನಕ್ಕೊಮ್ಮೆ, ಬೆಳಗ್ಗೆ, ಏಳುತ್ತಿದ್ದಿತು. ಇವರ ಹೊಲಕ್ಕೆ ನೀರು ಬಂದು ಹೋಗುವುದೋ ನಡುರಾತ್ರಿಯಲ್ಲಿ! ಹತ್ತು ವರ್ಷಗಳ ಆಯುಸ್ಸಿನ ಗುಟ್ಟು ಅಲ್ಲಿತ್ತು. ಯಂತ್ರವು ಸುಖವಾಗಿ ಮಲಗುವುದು. ರೈತನು ಮೊದಲಿನಂತೆಯೇ ಎಚ್ಚರವಿರಬೇಕಾಗುವುದು.

ಆದ್ದರಿಂದ ಲಿಂಗಸುಗೂರು, ಮಸ್ಕಿ, ಸಿಂಧನೂರುಗಳ ಗೃಹಸ್ಥರು ಇಂಥದನ್ನು ಕೊಳ್ಳುವ ಮುನ್ನ ಮೂರು ಪ್ರಶ್ನೆಗಳನ್ನು ಕೇಳತಕ್ಕದ್ದು: ಅದನ್ನು ಎಬ್ಬಿಸುವವರು ಯಾರು? ಕೋರಿದ ನಿದ್ರೆಗೆ ನಮ್ಮ ಊರಿನ ಜಾಲವು ಒಪ್ಪುವುದೇ? ಹೊಲದಲ್ಲಿ ಸಿಗ್ನಲ್ ಹೇಗಿದೆ? ಸಿಗ್ನಲ್ ಕ್ಷೀಣವಾದಲ್ಲಿ ಒಂದೇ ಸುದ್ದಿಯನ್ನು ಮತ್ತೆ ಮತ್ತೆ ಕಳುಹಿಸಬೇಕಾಗಿ, ನಿದ್ರೆಯಿಂದ ಉಳಿಸಿದುದು ಮಾತಿನಲ್ಲಿ ಕರಗಿಹೋಗುವುದು.

ಕಾವಲಿನವನು ಮಲಗುವುದು ತಪ್ಪಲ್ಲ. ಏಳಬೇಕಾದಾಗ ಏಳದಿರುವುದು ತಪ್ಪು.