ನೀತಿ ಪಾಠಕ್ಕೆ ಕನ್ನಡಿಗರು ಬೇಡವೇ?

ಬೆಂಗಳೂರಿನಲ್ಲಿ ಈಗ ಸಾರ್ವಜನಿಕ ನೀತಿ ಓದುವ ಭರಾಟೆ. ನಾಗರಭಾವಿಯ ನ್ಯಾಷನಲ್ ಲಾ ಸ್ಕೂಲಿನಲ್ಲಿ 2014ರಿಂದಲೇ ಸ್ನಾತಕೋತ್ತರ ತರಗತಿ ನಡೆದಿದೆ. ಖಾಸಗಿ ವಿಶ್ವವಿದ್ಯಾಲಯಗಳೂ ಹಿಂದೆ ಬಿದ್ದಿಲ್ಲ. ಇಂಥ ಪಾಠಕ್ಕೆ ಕಾಯಂ ಪ್ರಾಧ್ಯಾಪಕರಷ್ಟೇ ಸಾಲದು, ಆಡಳಿತ ಮಾಡಿ ಬಲ್ಲವರು ಅರೆಕಾಲಿಕರಾಗಿ ಬರಬೇಕು. ಸರಿ. ಆದರೆ ಯಾರು ಬರಬೇಕು?

1963ರ ರಾಜಭಾಷಾ ಅಧಿನಿಯಮದಂತೆ ಈ ರಾಜ್ಯದ ಆಡಳಿತ ಭಾಷೆ ಕನ್ನಡ. ಪಹಣಿ, ಗ್ರಾಮಸಭೆಯ ನಡಾವಳಿ, ತಾಲ್ಲೂಕು ಕಚೇರಿಯ ಟಿಪ್ಪಣಿ ಎಲ್ಲವೂ ಕನ್ನಡ. ಇವನ್ನು ಓದಲಾರದವರು ನಮ್ಮ ನೀರು, ನೆಲ, ಪಡಿತರದ ನೀತಿ ಕಲಿಸುವುದು ಹೇಗೆ? ಜನ ‘ನೀರ್ ಸಾಬ್’ ಎಂದೇ ಕರೆದ ನಜೀರ್ ಸಾಬರು 1983ರ ಕಾಯ್ದೆಯಿಂದ ಪಂಚಾಯತಿಗೆ ಅಧಿಕಾರ ಕೊಡಿಸಿದ ಕಥೆಯನ್ನು ದಿಲ್ಲಿಯ ವರದಿ ನೋಡಿ ಹೇಳಬೇಕೆ? ಆ ಪಂಚಾಯತಿಗಳಲ್ಲೇ ದುಡಿದು ತಲೆ ನರೆತ ಕನ್ನಡದ ಅಧಿಕಾರಿಗಳು ನಿವೃತ್ತರಾಗಿ ಮನೆಯಲ್ಲಿದ್ದಾರೆ!

ಪಿಎಚ್.ಡಿ. ಇಲ್ಲವೆಂಬ ನೆಪ ಇನ್ನು ನಡೆಯದು. ಯುಜಿಸಿಯ 2022ರ ‘ಪ್ರೊಫೆಸರ್ ಆಫ್ ಪ್ರಾಕ್ಟೀಸ್’ ಮಾರ್ಗಸೂಚಿಯಂತೆ 15 ವರ್ಷ ಅನುಭವವಿರುವ ಪರಿಣತರನ್ನು ಪದವಿಯ ಹಂಗಿಲ್ಲದೆ ನೇಮಿಸಬಹುದು, ಮಂಜೂರಾದ ಹುದ್ದೆಗಳ ಶೇ. 10ರವರೆಗೆ. ಬಾಗಿಲು ತೆರೆದೇ ಇದೆ. ಒಳಗೆ ಕರೆಯುವ ಮನಸ್ಸು ಬೇಕು.

ಕರೆದ ಮೇಲೆ ಸಂಬಳವನ್ನೂ ಕೊಡಿ. ಅತಿಥಿ ಉಪನ್ಯಾಸಕರಿಗೆ ತರಗತಿಗೆ 1,500, ತಿಂಗಳಿಗೆ ಗರಿಷ್ಠ 50,000 ರೂಪಾಯಿ ಎಂದು ಯುಜಿಸಿ 2019ರಲ್ಲೇ ಹೇಳಿತ್ತು. ಆದರೂ ನಮ್ಮ ಸರ್ಕಾರಿ ಪದವಿ ಕಾಲೇಜುಗಳ ಅತಿಥಿ ಉಪನ್ಯಾಸಕರು 2023ರ ಕೊನೆಯಲ್ಲಿ ಸೇವಾ ಭದ್ರತೆಗಾಗಿ ತರಗತಿ ಬಿಟ್ಟು ಬೀದಿಗಿಳಿಯಬೇಕಾಯಿತು. ಆ ಪಾಡು ಇಲ್ಲಿಗೂ ಬೇಡ.

ಗೆಳೆಯರೇ, ಈ ತರಗತಿಗಳಲ್ಲಿ ನಿಮ್ಮವರೂ ಇದ್ದಾರೆ. ಮುಂದಿನ ಸೆಮಿಸ್ಟರಿಗೆ ಯಾರನ್ನು ಕರೆಸುತ್ತೀರಿ ಎಂದು ವಿಭಾಗದ ಮುಖ್ಯಸ್ಥರನ್ನು ಕೇಳಿ. ಕನ್ನಡದಲ್ಲೇ ಕೇಳಿ.